ಹಾಸಿಗೆ ಹೊತ್ತ ನಾಲ್ಕು ಜನ

ಕ್ಯಾನ್ಸರಿಗೆ ಕೀಮೋ ನಡೀತಿರೋ ಮನೆಗೆ ಚರ್ಚಿನ ಸಭೆಯವರು ಬಂದ್ರೆ ಕಾಫಿ ಲೋಟ ಕೈಗೆ ಬರೋಕೆ ಮುಂಚೆನೇ ಕೇಳೋದು "ನಂಬಿಕೆ ಇದೆ ತಾನೆ ಮಗಳೇ?" ಅಂತ. ನನ್ನ ಗೆಳತಿ ಪಾಪ ಪ್ರತಿ ಸಲನೂ "ಹೂಂ ಆಂಟಿ ಇದೆ, ಪ್ರೇಯರ್ ಮಾಡಿ" ಅಂತಾಳೆ, ಅವರು ಗೇಟ್ ದಾಟಿದ ತಕ್ಷಣ ನನ್ ಕಡೆ ತಿರುಗಿ "ಲೇ, ನಂಬಿಕೆ ಆಮೇಲೆ, ಮೊದ್ಲು ಆ ಬಕೆಟ್ ಕೊಡೇ" ಅಂತಾಳೆ.

ಸಂಡೇ ಸ್ಕೂಲಿಂದ ಜೊತೆಗಿರೋರು ನಾವು. ಅವಳಿಗೆ ಬ್ರೆಸ್ಟ್ ಕ್ಯಾನ್ಸರ್. ಆಪರೇಷನ್ ಆಯ್ತು, ಆಮೇಲೆ ಕೀಮೋ, ಎಲ್ಲಾ ಕಿದ್ವಾಯಿಲೇ. 1973ರಿಂದ ಇರೋ ಆಸ್ಪತ್ರೆ ಅದು, ನಮ್ಮ ಕಡೆ "ಕಿದ್ವಾಯಿಗೆ ಕರ್ಕೊಂಡ್ ಹೋದ್ರಂತೆ" ಅಂದ್ರೆ ಸಾಕು, ಯಾವ ಕಾಯಿಲೆ ಅಂತ ಮತ್ತೆ ಯಾರೂ ಕೇಳಲ್ಲ, ದನಿ ತಗ್ಗಿಸಿಬಿಡ್ತಾರೆ. ಕೀಮೋದ ಮೊದಲ ನಾಲ್ಕು ಸುತ್ತು ಆ ಕೆಂಪು ಔಷಧಿ, 21 ದಿನಕ್ಕೊಂದು ಸಲ, ಹಾಕಿಸ್ಕೊಂಡ ದಿನ ಮೂತ್ರನೂ ಕೆಂಪಾಗುತ್ತೆ, ಮೊದಲೇ ಹೇಳಿರದಿದ್ರೆ ರಕ್ತನೇ ಅಂದ್ಕೊಂಡು ಗಾಬರಿ ಆಗ್ತಿದ್ವಿ. ಮೂರನೇ ವಾರದ ಹೊತ್ತಿಗೆ ತಲೆಗೂದಲು ದಿಂಬಿನ ಮೇಲಿತ್ತು.

ಆ ದಿನಗಳಲ್ಲಿ ಅವಳಿಗೆ ಪ್ರಾರ್ಥನೆ ಮಾಡೋಕೆ ಆಗ್ತಿರಲಿಲ್ಲ. ದೇವರ ಮೇಲೆ ಕೋಪ ಅಂತಲ್ಲ, ಬಾಯಿ ತುಂಬಾ ಹುಣ್ಣು, ತಲೆ ಮಂಕು, ಬೈಬಲ್ ತೆಗೆದ್ರೆ ಎರಡು ಸಾಲು ಓದೋಷ್ಟರಲ್ಲಿ ಅಕ್ಷರ ಓಡಾಡ್ತಿದ್ವಂತೆ. ಒಂದಿನ "ನಾನು ನಂಬ್ತಿದೀನೋ ಇಲ್ವೋ ನಂಗೇ ಗೊತ್ತಾಗ್ತಿಲ್ಲ ಕಣೇ" ಅಂದ್ಲು. ಅದಕ್ಕೆ ನಾನೇನೂ ಹೇಳಲಿಲ್ಲ, ಗಂಜಿ ಆರಿಸ್ತಾ ಕೂತಿದ್ದೆ, ಆದ್ರೆ ಮಾರ್ಕನ ಸುವಾರ್ತೆ ಎರಡನೇ ಅಧ್ಯಾಯ ತಲೇಲಿ ಸುತ್ತೋಕೆ ಶುರುವಾಯ್ತು. ಕಪೆರ್ನೌಮಿನ ಆ ಮನೆ ತುಂಬಾ ಜನ, ಬಾಗಿಲಲ್ಲಿ ಕಾಲಿಡೋಕೆ ಜಾಗ ಇಲ್ಲ, ಪಾರ್ಶ್ವವಾಯು ಆದವನನ್ನ ನಾಲ್ಕು ಜನ ಹೊತ್ಕೊಂಡು ಬಂದು ಛಾವಣಿ ಬಿಚ್ಚಿ ಹಾಸಿಗೆ ಸಮೇತ ಕೆಳಗೆ ಇಳಿಸ್ತಾರೆ. ಅಲ್ಲಿ ಯೇಸು ನೋಡಿದ್ದು "ಅವರ ನಂಬಿಕೆ"ನ. ಮಲಗಿದ್ದವನಿಗೆ ನಂಬಿಕೆ ಇತ್ತಾ ಅಂತ ಆತ ಕೇಳಲೇ ಇಲ್ಲ, ಅವನು ಇಡೀ ಕಥೇಲಿ ಒಂದು ಮಾತೂ ಆಡಲ್ಲ! ಚಿಕ್ಕೋರಿದ್ದಾಗಿಂದ ಕೇಳಿದ ಕಥೆ, ನಮ್ಮ ಗಮನ ಎಲ್ಲಾ ಕೊನೇಲಿ ಅವನು ಎದ್ದು ನಡೆದದ್ದರ ಮೇಲೇ ಇರುತ್ತೆ.

ಹಂಗಾಗಿ ನಾನಂತೂ ತೀರ್ಮಾನ ಮಾಡಿದೀನಿ, ಟ್ರೀಟ್‌ಮೆಂಟ್ ಮುಗಿಯೋವರೆಗೂ ನಂಬೋ ಕೆಲಸ ನಮ್ಮದು, ಅವಳು ಮಲಗಿರಲಿ. ರೋಗಿ ಹತ್ರನೇ ನಂಬಿಕೆ ಲೆಕ್ಕ ಕೇಳೋದು ಅಂದ್ರೆ ಹಾಸಿಗೇಲಿ ಇರೋನಿಗೇ ಹಾಸಿಗೆ ಹೊರು ಅಂದ ಹಾಗೆ.

ಇನ್ನು ಕೆಲವರು "ಅರಿಕೆ ಮಾಡದೇ ಇರೋ ಪಾಪ ಏನಾದ್ರೂ ಇದ್ಯಾ ನೋಡ್ಕೋ" ಅಂತಾರೆ. ಬೈಬಲಲ್ಲಿ ತಪ್ಪಿಲ್ಲದೇ ಕಾಯಿಲೆ ಬಿದ್ದ ಯೋಬನ ಸ್ನೇಹಿತರು ಹೇಳಿದ್ದೂ ಇದನ್ನೇ. ಎಲೀಫಜ, ಬಿಲ್ದದ, ಚೋಫರ ಮೂರು ಜನನೂ ಏಳು ದಿನ ಏಳು ರಾತ್ರಿ ನೆಲದ ಮೇಲೆ ಅವನ ಜೊತೆ ಸುಮ್ನೆ ಕೂತಿದ್ರು, ಅಲ್ಲಿವರೆಗೆ ಅವರಷ್ಟು ಒಳ್ಳೆ ಸ್ನೇಹಿತರು ಇಲ್ಲ, ಬಾಯಿ ಬಿಟ್ಟ ಮೇಲೆ ಎಲ್ಲಾ ಕೆಡ್ತು. ಕೊನೇಲಿ ದೇವರು ಅವರ ಮೇಲೆ ಸಿಟ್ಟಾಗ್ತಾನೆ, ಯೋಬನೇ ಅವರಿಗೋಸ್ಕರ ಪ್ರಾರ್ಥನೆ ಮಾಡಬೇಕಾಗುತ್ತೆ, ನೋಡೋಕೆ ಬಂದೋರಿಗೆ ಕಾಯಿಲೆಯವನ ಪ್ರಾರ್ಥನೆ! ಇದನ್ನ ಹೇಳಿದಾಗ ಅವಳು ಬಾಯಿ ಹುಣ್ಣು ಮರೆತು ನಕ್ಕಳು.

"ಕೀಮೋ ಬಿಟ್ಟು ಪೂರ್ತಿ ದೇವರ ಮೇಲೆ ಭಾರ ಹಾಕಿ" ಅನ್ನೋರೂ ಇದಾರೆ. ಅವರ ಮೇಲೆ ನಂಗೆ ಸಿಟ್ಟಿದೆ, ಮುಚ್ಚಿಡಲ್ಲ. ಬೈಬಲಲ್ಲಿ ಹಿಜ್ಕೀಯ ರಾಜನಿಗೆ ಮರಣಕರ ಕಾಯಿಲೆ ಬಂದಾಗ ದೇವರು ಪ್ರಾರ್ಥನೆ ಕೇಳಿ ಇನ್ನೂ 15 ವರ್ಷ ಕೊಡ್ತೀನಿ ಅಂದ, ಆದ್ರೂ ಪ್ರವಾದಿ ಯೆಶಾಯ ಅಂಜೂರದ ಉಂಡೆ ತರಿಸಿ ಹುಣ್ಣಿನ ಮೇಲೆ ಹಾಕಿಸಿದ. ವಾಗ್ದಾನ ಸಿಕ್ಕಿದ ಮೇಲೂ ಔಷಧಿ. ನಮ್ಮ ಚರ್ಚಿನ ಪಾಸ್ಟರ್ ಅಯ್ಯನವರು ಇದನ್ನ ಪ್ರಸಂಗದಲ್ಲಿ ಹೇಳಿದಾಗ ಹಿಂದೆ ಕೂತಿದ್ದ ನಾನು ಆಮೆನ್ ಸ್ವಲ್ಪ ಜೋರಾಗೇ ಅಂದೆ.

ಅಯ್ಯನವರು ಇನ್ನೊಂದು ಒಳ್ಳೆ ಕೆಲಸ ಮಾಡಿದ್ರು. ಕೀಮೋ ಆದ ಎರಡನೇ ವಾರ ಬಿಳಿ ರಕ್ತಕಣ ತುಂಬಾ ಇಳಿಯುತ್ತೆ, ಆಗ ಜ್ವರ 100.4 ದಾಟಿದ್ರೆ ಡೋಲೋ ನುಂಗಿ ಮಲಗೋ ಹಾಗಿಲ್ಲ, ರಾತ್ರಿ ಎಷ್ಟೊತ್ತಾದ್ರೂ ಆಸ್ಪತ್ರೆಗೆ ಓಡಬೇಕು. ಅಂಥ ಟೈಮಲ್ಲಿ ಭಾನುವಾರದ ಗುಂಪಲ್ಲಿ ಕೂತು, ಕರ್ತನ ಭೋಜನದಲ್ಲಿ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ತಗೊಳೋ ಆರಾಧನೇಲಿ, ಎಲ್ಲರೂ ಬಾಯಿಟ್ಟ ಪಾತ್ರೆಯಿಂದ ಕುಡಿಯೋದು ಹೇಗೆ? ಅಯ್ಯನವರೇ ಮಾಸ್ಕ್ ಹಾಕ್ಕೊಂಡು ಮನೆಗೆ ಬಂದು, ಬೇರೆ ಪುಟ್ಟ ಲೋಟದಲ್ಲಿ ಅದನ್ನ ಕೊಟ್ಟು, ಹತ್ತೇ ನಿಮಿಷದಲ್ಲಿ ಎದ್ದು ಹೋದ್ರು. ಉಪದೇಶ ಇಲ್ಲ, ಏನಿಲ್ಲ. ಅವತ್ತು ಅವಳು ಚೆನ್ನಾಗಿ ನಿದ್ದೆ ಮಾಡಿದ್ಲು.

ಹೆಂಗಸರ ಕೂಟದವರೂ ಈಗ ಪಳಗಿದಾರೆ ಅನ್ನಿ. ನೆಗಡಿ ಇದ್ರೆ ಬರಲ್ಲ, ಬಿಸಿ ಬಿಸಿ ಬೇಳೆ ಕಟ್ಟು ಕಳಿಸ್ತಾರೆ, ಒಬ್ಬರು ಅವಳ ಮಗನ ಹೋಮ್‌ವರ್ಕ್ ನೋಡ್ಕೋತಾರೆ. ಪ್ರತಿ ವಾರ ಹಾಕೋ ಎರಡನೇ ಔಷಧಿನೂ ಮುಗೀತು, ಬೆರಳ ತುದಿ ಇನ್ನೂ ಜುಮ್ ಅನ್ನುತ್ತಂತೆ, ಬ್ಲೌಸ್ ಹುಕ್ ಹಾಕೋಕಾಗಲ್ಲ. ಮುಂದಿನ ತಿಂಗಳು ರೇಡಿಯೇಷನ್, ಮಷೀನ್ ಕೆಳಗೆ ಇರೋದು ಕೆಲವೇ ನಿಮಿಷ, ಆದ್ರೆ ವಾರಕ್ಕೆ ಐದು ದಿನ ಹೋಗಿ ಬರಬೇಕು, ಹೊಸೂರು ರೋಡ್ ಟ್ರಾಫಿಕ್ ನಿಮಗೆ ಗೊತ್ತಲ್ಲ. ಸೋಮವಾರ ಮಂಗಳವಾರ ನಾನು, ಬುಧವಾರ ಅವಳ ತಮ್ಮ, ಗುರುವಾರ ಅಯ್ಯನವರೇ ಕಾರ್ ತರ್ತೀನಿ ಅಂದಿದಾರೆ, ಶುಕ್ರವಾರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ.