ಐವತ್ತು ನಿಮಿಷ ಅಂತಲ್ಲೋ

ದೊಡ್ಡವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರ್ಕೊಂಡ್ಲು, ನಾಳೆ ಬೆಳಿಗ್ಗೆನೇ ಆಪರೇಷನ್ ಅಂತ ಮೊನ್ನೆ ಸಂಜೆ ಹುಬ್ಬಳ್ಳಿಯಿಂದ ಫೋನ್ ಬಂತು. ನಾನು ಮಂಗಳೂರಲ್ಲಿ. ಅಣ್ಣನ ಮಗ ಪಕ್ಕದಲ್ಲೇ ಮೊಬೈಲ್ ನೋಡ್ತಾ ಕೂತಿದ್ದ, ತುಂಬಾ ಚುರುಕು ಹುಡುಗ, ಮನೇಲಿ ಎಲ್ಲರೂ ಗಾಬರಿಯಾದಾಗ ಕೆಲಸಕ್ಕೆ ಬರೋನು ಅವನೊಬ್ಬನೇ. "ಕಾಕಾ, ಬರೇ 267 ಕಿಲೋಮೀಟರ್ ಐತಿ, ವಿಮಾನದಾಗ ಐವತ್ತು ನಿಮಿಷ" ಅಂದ. ಅಷ್ಟು ಕೇಳಿದ್ದೇ ಆ ಕಡೆ ದೊಡ್ಡವ್ವ ಫೋನ್ ಇಸ್ಕೊಂಡ್ಲು.

"ಐವತ್ತು ನಿಮಿಷ ಅಂತಲ್ಲೋ, ಒಳಗ ಕರ್ಕೊಂಡು ಹೋಗೂದ್ರಾಗ ನಿನ್ನ ಮಾರಿ ನೋಡ್ತೇನಲ್ಲ?"

"ಬರ್ತೇನಬೇ" ಅಂದೆ. ಇನ್ನೇನು ಹೇಳ್ಲಿ?

ದೂರ ತೋರ್ಸೋ ಸೈಟ್‌ಗಳಲ್ಲಿ ಆ ಲೆಕ್ಕ ಹೆಂಗೆ ಹಾಕ್ತಾರೆ ಅಂದ್ರೆ, ಎರಡು ಏರ್‌ಪೋರ್ಟ್ ನಡುವೆ ನೇರ ಗೆರೆ ಎಳೆದು, ಗಂಟೆಗೆ 800 ಕಿ.ಮೀ. ವೇಗ ಅಂತ ಹಿಡಿದು, ಏರೋಕೆ ಇಳಿಯೋಕೆ ಅರ್ಧ ಗಂಟೆ ಸೇರಿಸ್ತಾರೆ. ಆ ಗೆರೆ ಮೇಲೆ ವಿಮಾನ ಓಡುತ್ತಾ ಇಲ್ವಾ ಅನ್ನೋದು ಲೆಕ್ಕಕ್ಕೇ ಬರಲ್ಲ. ನಾನು ಹುಡುಕಿದಾಗ ನೇರ ವಿಮಾನ ಒಂದೂ ಇರ್ಲಿಲ್ಲ. ಬೆಂಗಳೂರು ಸುತ್ತಿ ಹೋಗ್ಬೇಕು, ಅಂದ್ರೆ ಬಜ್ಪೆಯಿಂದ ದೇವನಹಳ್ಳಿಗೆ 300 ಕಿ.ಮೀ. ಮೇಲೆ, ಅಲ್ಲಿಂದ ಹುಬ್ಬಳ್ಳಿಗೆ ಮತ್ತೆ 370ರ ಹತ್ರ, ಅದೂ ಮರುದಿನದ ವಿಮಾನಕ್ಕೆ. ಮುದುಕಿಗೆ ಇದನ್ನೆಲ್ಲ ಫೋನಲ್ಲಿ ಬಿಡಿಸಿ ಹೇಳೋಕಾಗುತ್ತಾ, ಸಿಕ್ಕಿದ ಬಸ್ ಹತ್ತಿದೆ.

ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ. ಕುಮಟಾದಲ್ಲಿ ಗಂಡ ಹೆಂಡ್ತಿ ಇಬ್ರು ಎಕ್ಸ್‌ರೇ ಕವರ್ ಹಿಡ್ಕೊಂಡು ಹತ್ತಿದ್ರು, ಅವರೂ ಹುಬ್ಬಳ್ಳಿ ಆಸ್ಪತ್ರೆಗೇ. ಆ ಹೆಂಗಸು ದಾರಿಯುದ್ದಕ್ಕೂ ಕವರ್ ಮಡಚದ ಹಾಗೆ ಎದೆಗೆ ಆನಿಸಿಕೊಂಡೇ ಕೂತಿದ್ರು. ಅಂಕೋಲಾ ದಾಟಿ ಅರಬೈಲ್ ಘಾಟಿಯಲ್ಲಿ ಯಾವ್ದೋ ಲಾರಿ ಕೆಟ್ಟು ನಿಂತು ಗಾಡಿಗಳ ಸಾಲು, ಯಲ್ಲಾಪುರ ಮುಟ್ಟೋ ಹೊತ್ತಿಗೆ ಬೆಳಕಾಗಿತ್ತು. ನಾನು ಹೋಗಿ ಸೇರೋದ್ರೊಳಗೆ ದೊಡ್ಡವ್ವನ್ನ ಒಳಗೆ ಕರ್ಕೊಂಡು ಹೋಗಿದ್ರು.

ಆಪರೇಷನ್ ಚೆನ್ನಾಗೇ ಆಯ್ತು. ಮಧ್ಯಾಹ್ನ ಕಣ್ಣು ಬಿಟ್ಟವಳು ನನ್ನ ನೋಡಿ, "ವಿಮಾನ ತಡ ಆತೇನ?" ಅಂದ್ಲು. ಸಿಟ್ಟಿರ್ಲಿಲ್ಲ ಆ ಮಾತಲ್ಲಿ, ನನಗೆ ತೊಂದ್ರೆ ಆಯ್ತೇನೋ ಅನ್ನೋ ಕಾಳಜಿ ಇತ್ತು, ಅದೇ ಇನ್ನೂ ಕಿವಿಯಲ್ಲಿದೆ.

ನನಗೆ ಒಂದು ದಿನದ ಓಡಾಟ ಅಷ್ಟೇ, ಕುಮಟಾದವ್ರ ಕಥೆ ಬೇರೆ. ತೆಂಕಕ್ಕೆ ಹೋದ್ರೆ ಮಣಿಪಾಲ, ಮಂಗಳೂರು, ಘಟ್ಟ ಹತ್ತಿದ್ರೆ ಹುಬ್ಬಳ್ಳಿ. ನಮ್ಮ ಜಿಲ್ಲೆಗೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಕೊಡಿ ಅಂತ 2022ರಲ್ಲಿ ಉತ್ತರ ಕನ್ನಡದವ್ರು ಎಷ್ಟು ಕೂಗಿದ್ರು, ಆ ವರ್ಷ ಜುಲೈಯಲ್ಲಿ ರೋಗಿನ ಕರ್ಕೊಂಡು ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟಲ್ಲಿ ಪಲ್ಟಿಯಾದ ವಿಡಿಯೋ ನಾವೆಲ್ಲ ನೋಡಿದೀವಿ. ಹುಬ್ಬಳ್ಳಿ-ಅಂಕೋಲಾ ರೈಲು ನಾನು ಕಾಲೇಜಲ್ಲಿದ್ದಾಗಿನಿಂದ ಕೇಳ್ತಾ ಇರೋ ಮಾತು, ಘಟ್ಟದ ಕಾಡು ಕಡೀಬೇಕಾಗುತ್ತೆ ಅಂತ ಅದಕ್ಕೆ ವಿರೋಧ. ಕಾಡು ಉಳೀಬೇಕು, ಅದ್ರಲ್ಲಿ ನನಗೆ ಎರಡು ಮಾತಿಲ್ಲ, ಆದ್ರೆ ರೈಲು ಬೇಡ ಅಂದ್ಮೇಲೆ ಘಟ್ಟದ ಕೆಳಗಿನವ್ರಿಗೆ ಅವರ ಹತ್ರಾನೇ ಆಸ್ಪತ್ರೆ ಕಟ್ಟಿಕೊಡೋ ಜವಾಬ್ದಾರಿ ಸರ್ಕಾರದ್ದೇ ಅಲ್ವಾ? ಎಕ್ಸ್‌ರೇ ಹಿಡ್ಕೊಂಡು ರಾತ್ರಿಯಿಡೀ ಯಾಕೆ ಬಸ್ಸಲ್ಲಿ ಕೂರ್ಬೇಕು ಅವ್ರು?