ಗ್ಲಾಸಿಗೆ ಸುರಿಯುವವರೇ ಕಾವಲೂ ಕಾಯಬೇಕಾ?

ವಿಮಾನದಲ್ಲಿ ಕುಡಿಯಲು ಕೊಡಬೇಕಾ ಬೇಡವಾ ಅನ್ನುವ ವಾದ ಶುರುವಾದರೆ ಎರಡೇ ಗುಂಪು. ಒಂದು ಗುಂಪಿಗೆ ಕುಡಿತವೇ ಕೆಟ್ಟದ್ದು, ನೆಲದ ಮೇಲಾದರೂ ಅಷ್ಟೇ, ಆಕಾಶದಲ್ಲಾದರೂ ಅಷ್ಟೇ. ಇನ್ನೊಂದು ಗುಂಪಿನವರದು, "ಟಿಕೆಟ್‌ಗೆ ದುಡ್ಡು ಕೊಟ್ಟಿದ್ದೀನಿ, ನನ್ನ ಪಾಡಿಗೆ ನಾನು ಕುಡಿದರೆ ನಿಮಗೇನು?" ಅನ್ನುವ ಮಾತು. ಗಮನಿಸಿ, ಇಬ್ಬರೂ ಮಾತಾಡುವುದು ಕುಡಿಯುವವನ ಬಗ್ಗೆಯೇ. ಸುರಿದು ಕೊಡುವವರ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನನ್ನ ತಕರಾರು ಇರುವುದು ಅಲ್ಲಿ.

ನಾನು ಕುಡಿತದ ವಿರೋಧಿ ಅಲ್ಲ, ಮೊದಲೇ ಹೇಳಿಬಿಡುತ್ತೇನೆ. ಊಟದ ಜೊತೆ ಒಂದು ಗ್ಲಾಸ್ ವೈನ್ ಕುಡಿದು, ಕಂಬಳಿ ಹೊದ್ದು ಮಲಗುವವರಿಂದ ಯಾರಿಗೂ ತೊಂದರೆ ಇಲ್ಲ. ವಿಮಾನದಲ್ಲಿ ಕುಡಿಯುವವರಲ್ಲಿ ಬಹುಪಾಲು ಜನ ಇಂಥವರೇ. ಪೂರ್ತಿ ನಿಲ್ಲಿಸಿಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಆದರೆ ಈಗ ನಡೆಯುತ್ತಿರುವ ರೀತಿ ಸರಿಯಿಲ್ಲ.

ಕ್ಯಾಬಿನ್ ಕ್ರೂ ವಿಮಾನದಲ್ಲಿ ಯಾಕೆ ಇರುತ್ತಾರೆ ಹೇಳಿ? ಊಟ ಕೊಡಲು ಅಂತ ನಾವು ಅಂದುಕೊಂಡಿರುತ್ತೇವೆ. ಕಾನೂನು ಅವರನ್ನು ಇಟ್ಟಿರುವುದು ನಮ್ಮ ಸುರಕ್ಷತೆಗೆ. ಅಮೆರಿಕದಲ್ಲೂ ಯುರೋಪಿನಲ್ಲೂ ಲೆಕ್ಕ ಹೆಚ್ಚು ಕಡಿಮೆ ಒಂದೇ, ಪ್ರತಿ 50 ಸೀಟಿಗೆ ಕನಿಷ್ಠ ಒಬ್ಬರು. ಅಂದರೆ 180 ಸೀಟಿನ ವಿಮಾನಕ್ಕೆ ನಾಲ್ಕು ಜನ. ಬೆಂಕಿ ಕಾಣಿಸಿದರೆ ಆರಿಸುವವರು ಅವರೇ. ಯಾರಿಗೋ ಎದೆ ನೋವು ಬಂದರೆ ಆಮ್ಲಜನಕ ಕೊಡುವವರು ಅವರೇ. ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ದಬ್ಬುವವರೂ ಅವರೇ. ಇಷ್ಟರ ಮಧ್ಯೆ ಟ್ರಾಲಿ ತಳ್ಳಿಕೊಂಡು ಬಂದು "ಇನ್ನೊಂದು ಬೇಕಾ ಸರ್?" ಅಂತ ಕೇಳಬೇಕು, ಆಮೇಲೆ ಅದೇ ಸರ್‌ಗೆ ಅಮಲೇರಿ ಪಕ್ಕದವರ ಮೇಲೆ ಬಿದ್ದರೆ ಹಿಡಿದು ಕೂರಿಸಲೂಬೇಕು. ನೆಲದ ಮೇಲಿನ ಬಾರ್‌ನಲ್ಲಾದರೆ ಒಂದು ಬಾಗಿಲಿದೆ, ಜಾಸ್ತಿಯಾದವನನ್ನು ಹೊರಗೆ ಕಳಿಸಬಹುದು, ಪೊಲೀಸರನ್ನು ಕರೆಯಬಹುದು. 35,000 ಅಡಿ ಮೇಲೆ ಯಾರನ್ನು ಎಲ್ಲಿಗೆ ಕಳಿಸುತ್ತೀರಿ?

ನಿಯಮವೇನೋ ಇದೆ. ಅಮೆರಿಕದಲ್ಲಿ ಸಿಬ್ಬಂದಿ ಸುರಿದು ಕೊಟ್ಟದ್ದನ್ನು ಬಿಟ್ಟು ಬೇರೆ ಮದ್ಯ ಕುಡಿಯುವಂತಿಲ್ಲ. ಡ್ಯೂಟಿ ಫ್ರೀ ಬಾಟಲಿ ನಿಮ್ಮದೇ ಆದರೂ ಸೀಟಿನಲ್ಲಿ ಮುಚ್ಚಳ ತೆಗೆಯುವ ಹಾಗಿಲ್ಲ. ಅಮಲೇರಿದಂತೆ ಕಾಣುವವರಿಗೆ ಕೊಡುವಂತಿಲ್ಲ, ಅಂಥವರನ್ನು ಹತ್ತಿಸಿಕೊಳ್ಳುವಂತೆಯೂ ಇಲ್ಲ. ಬ್ರಿಟನ್‌ನಲ್ಲಿ ವಿಮಾನದೊಳಗೆ ಕುಡಿದು ಅಮಲೇರಿಸಿಕೊಳ್ಳುವುದೇ ಅಪರಾಧ, ಎರಡು ವರ್ಷದವರೆಗೆ ಜೈಲು ಆಗಬಹುದು. ಓದಲು ಎಲ್ಲ ಚೆನ್ನಾಗಿದೆ. ಆದರೆ "ಅಮಲೇರಿದಂತೆ ಕಾಣುವುದು" ಅಂದರೆ ಏನು? ಮಂದ ಬೆಳಕು, ಕೂತಿರುವ ಮನುಷ್ಯ, ಅರ್ಧ ನಿಮಿಷದ ಮಾತು. ಅವನು ನಡೆಯುವುದನ್ನು ನೋಡಿಲ್ಲ. ಹತ್ತುವ ಮೊದಲು ಎಷ್ಟು ಹಾಕಿಕೊಂಡಿದ್ದಾನೋ ಗೊತ್ತಿಲ್ಲ. ಹಿಂದಿನ ಗ್ಯಾಲಿಯಲ್ಲಿ (ಊಟ, ಪಾನೀಯ ಸಿದ್ಧ ಮಾಡುವ ವಿಮಾನದ ಅಡುಗೆ ಜಾಗ) ಇನ್ನೊಬ್ಬರು ಅವನಿಗೆ ಆಗಲೇ ಎರಡು ಕೊಟ್ಟಿರಬಹುದು, ಅದೂ ಇವರಿಗೆ ಗೊತ್ತಿರುವುದಿಲ್ಲ. ಇಷ್ಟು ಕತ್ತಲಲ್ಲಿ ಅಂದಾಜು ಮಾಡಿ, ತಪ್ಪಾದರೆ ಹೊಣೆಯನ್ನೂ ಅವರೇ ಹೊರಬೇಕು.

"ಎರಡೇ ತಗೊಂಡೆ" ಅನ್ನುವ ಮಾತಿಗೆ ಬರೋಣ. ವಿಮಾನದಲ್ಲಿ ಕೊಡುವ ಪುಟ್ಟ ಬಾಟಲಿಗಳಿವೆಯಲ್ಲ, ವಿಸ್ಕಿ, ವೋಡ್ಕಾ ಇತ್ಯಾದಿ, ಅವು ಸಾಮಾನ್ಯವಾಗಿ 50 ಮಿ.ಲೀ. ನೋಡಲು ಆಟಿಕೆಯಂತಿದ್ದರೂ ಲಾರ್ಜ್ ಪೆಗ್‌ಗಿಂತ 10 ಮಿ.ಲೀ. ಮಾತ್ರ ಕಡಿಮೆ. ಶೇ 40ರ ಲೆಕ್ಕದಲ್ಲಿ ಅದರಲ್ಲಿ ಸುಮಾರು 16 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ. ಬ್ರಿಟನ್‌ನವರು ಒಂದು ಯೂನಿಟ್ ಅನ್ನುವುದು 8 ಗ್ರಾಂಗೆ. ಅಂದರೆ ಒಂದು ಆಟಿಕೆ ಬಾಟಲಿಗೆ ಎರಡು ಯೂನಿಟ್. ವೈನಿನ 187 ಮಿ.ಲೀ. ಬಾಟಲಿ ಇನ್ನೂ ಸ್ವಲ್ಪ ಜಾಸ್ತಿಯೇ. "ಎರಡೇ" ಅಂದವನು ನಾಲ್ಕು ಯೂನಿಟ್ ಮುಗಿಸಿರುತ್ತಾನೆ, ಸುಳ್ಳನ್ನೂ ಹೇಳಿರುವುದಿಲ್ಲ.

ಮೇಲೆ ಹೋದರೆ ಒಂದು ಪೆಗ್ ಎರಡರಷ್ಟು ಏರುತ್ತದೆ ಅನ್ನುವ ಮಾತು ಹಳೆಯದು. ಅದು ಹಾಗೇ ನಿಜವಲ್ಲ. ಎತ್ತರಕ್ಕೆ ಹೋದ ಮಾತ್ರಕ್ಕೆ ರಕ್ತದಲ್ಲಿರುವ ಆಲ್ಕೋಹಾಲ್ ದುಪ್ಪಟ್ಟಾಗುವುದಿಲ್ಲ. ಬದಲಾಗುವುದು ಗಾಳಿ. ಕ್ಯಾಬಿನ್ ಒಳಗಿನ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು. ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ತೇವಾಂಶವೂ ತೀರಾ ಕಡಿಮೆ, ಬಾಯಿ ಗಂಟಲು ಒಣಗುವುದು ಅದಕ್ಕೇ. ಸುಸ್ತು, ನಿದ್ದೆಗೇಡು, ಖಾಲಿ ಹೊಟ್ಟೆ ಇವೂ ಸೇರಿಕೊಂಡರೆ ಅದೇ ಎರಡು ಗ್ಲಾಸ್ ಬೇರೆ ಥರ ಆಡಿಸುತ್ತದೆ.

ಇದರ ಬಗ್ಗೆ 2024ರಲ್ಲಿ ಥೋರಾಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಜರ್ಮನ್ ಪ್ರಯೋಗವೊಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕೊಲೋನ್‌ನಲ್ಲಿ ಜರ್ಮನ್ ಏರೋಸ್ಪೇಸ್ ಸೆಂಟರ್‌ನವರು 18ರಿಂದ 40 ವರ್ಷದ 48 ಆರೋಗ್ಯವಂತರನ್ನು ಆರಿಸಿ, ಅರ್ಧ ಜನರನ್ನು ಮಾಮೂಲಿ ಕೋಣೆಯಲ್ಲೂ ಇನ್ನರ್ಧ ಜನರನ್ನು ವಿಮಾನದ ಒತ್ತಡವಿರುವ ಕೋಣೆಯಲ್ಲೂ ನಾಲ್ಕು ಗಂಟೆ ಮಲಗಿಸಿದರು. ಒಂದು ರಾತ್ರಿ ಕುಡಿಸದೆ, ಇನ್ನೊಂದು ರಾತ್ರಿ ಎರಡು ಕ್ಯಾನ್ ಬಿಯರ್‌ಗೆ ಸಮನಾದ ವೋಡ್ಕಾ ಕುಡಿಸಿ. ವಿಮಾನದ ಒತ್ತಡದಲ್ಲಿ ಕುಡಿದು ಮಲಗಿದವರ ರಕ್ತದ ಆಮ್ಲಜನಕ ಶೇ 85ರ ಆಸುಪಾಸಿಗೆ ಇಳಿಯಿತು, ಹೃದಯದ ಬಡಿತ ನಿಮಿಷಕ್ಕೆ 88ರ ಹತ್ತಿರ ಹೋಯಿತು. ಕುಡಿಯದೆ ಅದೇ ಒತ್ತಡದಲ್ಲಿ ಮಲಗಿದಾಗ ಆಮ್ಲಜನಕ ಶೇ 88, ಬಡಿತ 73ರ ಒಳಗೆ. ಇವರೆಲ್ಲ ಗಟ್ಟಿಮುಟ್ಟಾದ ಹರೆಯದವರು, ನೆಟ್ಟಗೆ ಹಾಸಿಗೆ ಮೇಲೆ ಮಲಗಿದವರು, ನೆನಪಿರಲಿ. ಎಪ್ಪತ್ತು ದಾಟಿದ, ಹೃದಯದ ಅಥವಾ ಶ್ವಾಸಕೋಶದ ತೊಂದರೆ ಇರುವ ಮನುಷ್ಯ ರಾತ್ರಿ ವಿಮಾನದಲ್ಲಿ ಎರಡು ಹಾಕಿ ನಿದ್ದೆ ಹೋದರೆ ಪಕ್ಕದವರು "ಪಾಪ, ಚೆನ್ನಾಗಿ ಮಲಗಿದ್ದಾರೆ" ಅಂದುಕೊಳ್ಳುತ್ತಾರೆ. ಯಾರಿಗೂ ಅನುಮಾನ ಬರುವುದಿಲ್ಲ. ವಿಮಾನದಲ್ಲಿ ಮದ್ಯ ಸಿಗುವುದನ್ನು ಕಡಿಮೆ ಮಾಡುವ ಬಗ್ಗೆ ಯೋಚಿಸಬೇಕು ಅಂತ ಆ ಸಂಶೋಧಕರೇ ಬರೆದಿದ್ದಾರೆ.

ಕೂಗಾಡುವ ಕುಡುಕನ ವಿಡಿಯೋ ಎಲ್ಲ ಕಡೆ ಓಡುತ್ತದೆ. ಸುಮ್ಮನೆ ಮಲಗಿದವನ ವಿಡಿಯೋ ಯಾರು ಮಾಡುತ್ತಾರೆ? ಅದಕ್ಕೇ ಚರ್ಚೆಯೆಲ್ಲ ಗಲಾಟೆಯ ಸುತ್ತಲೇ ತಿರುಗುತ್ತದೆ. ಇನ್ನು ಭಯ ಕಳೆಯಲು ಕುಡಿಯುವವರು ಬೇರೆ. ವಿಮಾನ ಅಂದರೆ ಕೈಕಾಲು ನಡುಗುವವರ ಮೇಲೆ ನನಗೆ ನಿಜಕ್ಕೂ ಕನಿಕರವಿದೆ, ಆದರೆ ಅವರಲ್ಲಿ ಕೆಲವರು ನಿದ್ದೆ ಮಾತ್ರೆಯ ಮೇಲೆ ವಿಸ್ಕಿ ಹಾಕುತ್ತಾರೆ. ಇವೆರಡೂ ಸೇರಿದರೆ ಉಸಿರಾಟ ಕುಗ್ಗುತ್ತದೆ, ಮೈಮೇಲೆ ಎಚ್ಚರವಿಲ್ಲದೆ ಎದ್ದು ಓಡಾಡುವುದೂ ಉಂಟು. ಟ್ರಾಲಿ ತಳ್ಳುವವರಿಗೆ ಜೇಬಿನಲ್ಲಿರುವ ಮಾತ್ರೆ ಹೇಗೆ ಕಾಣಬೇಕು?

ಗಲಾಟೆ ಸಣ್ಣದು ಅಂತಲ್ಲ. ವಿಮಾನ ಕಂಪನಿಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾ ಲೆಕ್ಕದಲ್ಲಿ 2023ರಲ್ಲಿ ಪ್ರತಿ 480 ವಿಮಾನ ಹಾರಾಟಕ್ಕೆ ಒಂದು ಪುಂಡಾಟದ ಪ್ರಕರಣ ನಡೆದಿತ್ತು. ಎಲ್ಲಕ್ಕೂ ಮದ್ಯವೇ ಕಾರಣ ಅನ್ನುವುದು ತಪ್ಪು. 2021ರಲ್ಲಿ ಅಮೆರಿಕದಲ್ಲಿ ಸುಮಾರು 6,000 ದೂರು ಬಂದವು, ಅದರಲ್ಲಿ ಶೇ 70ಕ್ಕೂ ಹೆಚ್ಚು ಮಾಸ್ಕ್ ಜಗಳ. ಕುಡಿಯದೆಯೂ ಹುಚ್ಚಾಟ ಆಡುವವರಿಗೇನೂ ಬರವಿಲ್ಲ. ಆದರೂ ಅಮಲು ಅನ್ನುವುದು ಈ ಪಟ್ಟಿಯ ಮೇಲಿನ ಸಾಲುಗಳಲ್ಲಿ ಪ್ರತಿ ಸಲವೂ ಕೂತಿರುತ್ತದೆ.

ನನ್ನನ್ನು ಎಲ್ಲಕ್ಕಿಂತ ಕಾಡುವುದು ವಿಮಾನದಿಂದ ಹೊರಗೆ ಓಡಬೇಕಾದ ಹೊತ್ತು. ಅರ್ಧದಷ್ಟು ಬಾಗಿಲು ಮಾತ್ರ ಬಳಸಿ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಹುದು ಅಂತ ತೋರಿಸಿದರೆ ಮಾತ್ರ ದೊಡ್ಡ ಪ್ರಯಾಣಿಕ ವಿಮಾನಕ್ಕೆ ಒಪ್ಪಿಗೆ ಸಿಗುತ್ತದೆ. 2024ರ ಜನವರಿ 2ರಂದು ಟೋಕಿಯೋದ ಹನೇಡಾದಲ್ಲಿ ಜಪಾನ್ ಏರ್‌ಲೈನ್ಸ್‌ನ ವಿಮಾನ ಇಳಿಯುವಾಗ ಕೋಸ್ಟ್ ಗಾರ್ಡ್ ವಿಮಾನಕ್ಕೆ ಬಡಿದು ಹೊತ್ತಿಕೊಂಡಿತು. ಕೋಸ್ಟ್ ಗಾರ್ಡ್‌ನ ಐವರು ಸತ್ತರು. ದೊಡ್ಡ ವಿಮಾನದಲ್ಲಿದ್ದ 379 ಜನರೂ ಬದುಕಿದರು, ಯಾಕೆಂದರೆ ಹೇಳಿದ ಮಾತು ಕೇಳಿದರು, ಬ್ಯಾಗು ಬಿಟ್ಟರು, ಸಾಲಾಗಿ ಇಳಿದರು. ಮೂರು ಸೀಟಿನ ಸಾಲಿನಲ್ಲಿ ನಡುದಾರಿಯ ಪಕ್ಕ ಕೂತವನು ಎಚ್ಚರವಾಗದಷ್ಟು ಕುಡಿದಿದ್ದರೆ ಒಳಗಿನ ಇಬ್ಬರ ಗತಿ ಏನು? "ನನ್ನ ಪಾಡಿಗೆ ನಾನು" ಅನ್ನುವ ವಾದ ನನಗೆ ಒಪ್ಪಿಗೆಯಾಗದಿರುವುದು ಇದಕ್ಕೇ. ಕಿಟಕಿ ಪಕ್ಕ ಕೂತವರ ದಾರಿ ನಿಮ್ಮ ಮೊಣಕಾಲು ದಾಟಿಯೇ ಹೋಗುತ್ತದೆ, ಅಲ್ವಾ?

ಹಾಗಾದರೆ ಪೂರ್ತಿ ನಿಲ್ಲಿಸಿದರಾಯಿತಲ್ಲ ಅನ್ನಬಹುದು. ಆಗುವುದೇ ಇಲ್ಲ ಅನ್ನುವ ಹಾಗೂ ಇಲ್ಲ. ಸೌದಿಯಾ, ಕುವೈತ್ ಏರ್‌ವೇಸ್, ರಾಯಲ್ ಬ್ರೂನೈ ಇವೆಲ್ಲ ಮದ್ಯ ಕೊಡದೆಯೇ ದೂರದೂರಕ್ಕೆ ಹಾರುತ್ತಿವೆ. ಭಾರತದ ಒಳಗಿನ ವಿಮಾನಗಳಲ್ಲೂ ಕೊಡುವುದಿಲ್ಲ. ಯಾರೂ ಸತ್ತಿಲ್ಲ. ಆದರೆ ಒಂದು ತೊಡಕಿದೆ. ಮೇಲೆ ಸಿಗುವುದಿಲ್ಲ ಅಂತ ಗೊತ್ತಾದರೆ ಕೆಲವರು ಕೆಳಗೇ ಕೋಟಾ ಮುಗಿಸಿ ಹತ್ತುತ್ತಾರೆ, ಕೆಲವರು ನೀರಿನ ಬಾಟಲಿಯಲ್ಲಿ ವೋಡ್ಕಾ ತುಂಬಿಕೊಂಡು ಬರುತ್ತಾರೆ. ವಿಮಾನ ತಡವಾದಷ್ಟೂ ನಿಲ್ದಾಣದ ಬಾರ್‌ಗೆ ಲಾಭ, ಆಮೇಲಿನ ತಲೆನೋವು ಮಾತ್ರ ವಿಮಾನದವರದು.

ಯುರೋಪಿನ ಕಡಿಮೆ ದರದ ವಿಮಾನ ಕಂಪನಿ ರೈನ್‌ಏರ್‌ನ ಮುಖ್ಯಸ್ಥ ಮೈಕಲ್ ಓ'ಲಿಯರಿ 2024ರಲ್ಲಿ ಇದನ್ನೇ ಹೇಳಿದ್ದು: ನಿಲ್ದಾಣದ ಬಾರ್‌ಗಳಲ್ಲಿ ಬೋರ್ಡಿಂಗ್ ಪಾಸ್ ನೋಡಿ ಒಬ್ಬರಿಗೆ ಎರಡೇ ಡ್ರಿಂಕ್ ಕೊಡಿ ಅಂತ. ಮಾತು ಸರಿ. ಆದರೆ ಅವರ ವಿಮಾನದಲ್ಲೂ ಮದ್ಯ ಮಾರುತ್ತಾರಲ್ಲ! ಎದುರು ಮನೆಯ ಕಸ ತೋರಿಸುವುದು ಯಾವಾಗಲೂ ಸುಲಭ. ಕಡಿಮೆ ದರದ ಎಷ್ಟೋ ಕಂಪನಿಗಳಲ್ಲಿ ವಿಮಾನದೊಳಗೆ ಮಾರಿದ್ದಕ್ಕೆ ಸಿಬ್ಬಂದಿಗೆ ಕಮಿಷನ್ ಕೂಡ ಇದೆ. ಸುರಕ್ಷತೆಗೆ ಅಂತ ಇಟ್ಟ ಮನುಷ್ಯರ ಸಂಬಳದ ಒಂದು ತುಂಡನ್ನು ಬಾಟಲಿಗೆ ಕಟ್ಟಿಹಾಕಿ, "ಬೇಡ ಅನ್ನುವ ಜವಾಬ್ದಾರಿಯೂ ನಿಮ್ಮದೇ" ಅನ್ನುವುದು ಯಾವ ನ್ಯಾಯ?

ನನ್ನನ್ನು ಕೇಳಿದರೆ ಎಲ್ಲಕ್ಕಿಂತ ಮೊದಲು ಹೋಗಬೇಕಾದದ್ದು ಆ ಕಮಿಷನ್, ಕನಿಷ್ಠ ಮದ್ಯದ ಮೇಲಿನದ್ದಾದರೂ. ಎರಡು ಮೂರು ಗಂಟೆಯ ಹಾರಾಟದಲ್ಲಿ ಮದ್ಯವೇ ಬೇಡ, ಅಷ್ಟು ಹೊತ್ತು ಯಾರು ಬೇಕಾದರೂ ತಡೆದುಕೊಳ್ಳಬಹುದು. ದೂರದ ಹಾರಾಟದಲ್ಲಿ ಊಟದ ಜೊತೆ ಕೊಡಲಿ, ಒಬ್ಬರಿಗೆ ಎರಡು, ಅದೂ ಸೀಟ್ ನಂಬರ್ ಮೇಲೆ ಬರೆದಿಟ್ಟು, ಯಾವ ಗ್ಯಾಲಿಯಲ್ಲಿ ಕೇಳಿದರೂ ಲೆಕ್ಕ ಒಂದೇ ಇರುವ ಹಾಗೆ. ಆಗ "ಸಾಕು" ಅನ್ನುವುದು ಸಿಬ್ಬಂದಿಯ ಅಂದಾಜು ಆಗಿ ಉಳಿಯುವುದಿಲ್ಲ, "ನನ್ನನ್ನು ಕುಡುಕ ಅಂದೆಯಾ?" ಅನ್ನುವ ಜಗಳಕ್ಕೂ ಜಾಗ ಇರುವುದಿಲ್ಲ. ದೀಪ ಆರಿಸಿದ ಮೇಲೆ ನೀರು ಮಾತ್ರ. ನಿಲ್ದಾಣದ ಬಾರ್‌ಗೂ ಇದೇ ಲೆಕ್ಕ ಅನ್ವಯಿಸಬೇಕು, ಇಲ್ಲದಿದ್ದರೆ ಮೇಲೆ ಎಣಿಸಿ ಏನು ಪ್ರಯೋಜನ?

ಇದನ್ನು ಹೇಳಿದಾಗಲೆಲ್ಲ "ಹಿಂದೆ ಕೂರುವವರಿಗೆ ಸರಿ ಬಿಡಿ" ಅನ್ನುವ ದನಿ ಬಂದೇ ಬರುತ್ತದೆ. 2021ರಲ್ಲಿ ಅಮೆರಿಕನ್ ಏರ್‌ಲೈನ್ಸ್ ಮಾಡಿದ್ದೂ ಅದೇ: ಹಿಂದಿನ ಕ್ಯಾಬಿನ್‌ನಲ್ಲಿ ಮದ್ಯ ಬಂದ್, ಮುಂದಿನ ದೊಡ್ಡ ಸೀಟುಗಳಲ್ಲಿ ಮಾಮೂಲಿ. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನಿಂದ ದೆಹಲಿಗೆ ಬರುತ್ತಿದ್ದ ಏರ್ ಇಂಡಿಯಾ ವಿಮಾನದಲ್ಲಿ ಕುಡಿದ ಪ್ರಯಾಣಿಕನೊಬ್ಬ ವಯಸ್ಸಾದ ಮಹಿಳೆಯ ಮೇಲೆ ಮೂತ್ರ ಮಾಡಿದ ಅನ್ನುವ ಆರೋಪ ಬಂತಲ್ಲ, ಅದು ಬಿಸಿನೆಸ್ ಕ್ಲಾಸ್. ಕಂಪನಿಗೆ ದಂಡ ಬಿತ್ತು, ಕ್ಯಾಪ್ಟನ್‌ನ ಲೈಸೆನ್ಸ್ ಮೂರು ತಿಂಗಳು ಅಮಾನತಾಯಿತು. ವಿಮಾನ ಇನ್ನೂ ನೆಲ ಬಿಡುವ ಮೊದಲೇ ಶಾಂಪೇನ್ ತಂದಿಡುವುದು, ಖಾಲಿಯಾದ ಗ್ಲಾಸ್ ಕೇಳದೆಯೇ ತುಂಬುವುದು, ಇವೆಲ್ಲ ನಡೆಯುವುದು ಪರದೆಯ ಆ ಕಡೆಯೇ. ಎರಡು ಅಂದರೆ ಅಲ್ಲೂ ಎರಡೇ ಆಗಬೇಕು. ಅಷ್ಟು ದುಡ್ಡು ಕೊಟ್ಟವರಿಗೆ ಮೂರನೆಯದು ಇಲ್ಲ ಅನ್ನುವ ಕಂಪನಿ ಮೊದಲು ಯಾವುದಾಗುತ್ತದೋ ನೋಡಬೇಕು, ನನಗಂತೂ ಅನುಮಾನವೇ.