ಕುಂಡದ ಮೆಕ್ಕೆಜೋಳ, ರಂಜಕ, ಮಣ್ಣಿನ ಹದ: ದಿನ 24ರಿಂದ 30

ದಿನ 24

ಒಣ ಕುಂಡಗಳಲ್ಲಿ ಕೆಳಗಿನ ಎಲೆಗಳ ಅಂಚು ನೇರಳೆಗೆ ತಿರುಗಿದೆ. ರಂಜಕ (ಫಾಸ್ಫರಸ್) ಸಾಲದಿದ್ದಾಗ ಮೆಕ್ಕೆಜೋಳ ಹೀಗಾಗುತ್ತದೆ. ಆದರೆ ಆರೂ ಕುಂಡಕ್ಕೆ ಹಾಕಿದ್ದು ಒಂದೇ ಅಳತೆಯ ರಂಜಕದ ಗೊಬ್ಬರ, ಹರಳು ಸೂಪರ್ ಫಾಸ್ಫೇಟ್! ಯೂರಿಯಾದ ಅಳತೆಯೂ ಒಂದೇ, ಮಣ್ಣು ಅದೇ, ಬೀಜ ಅದೇ. ಚಳಿಗೂ ಎಲೆ ನೇರಳೆಯಾಗುವುದುಂಟು, ಅದಕ್ಕೇ ಎಲ್ಲವನ್ನೂ ಒಂದೇ ಕಡೆ ಇಟ್ಟಿದ್ದೇನೆ. ಬೇರೆ ಇರುವುದು ನೀರು ಮಾತ್ರ. ಮೂರು ಕುಂಡ ಸದಾ ಹದದಲ್ಲಿ, ಮೂರಕ್ಕೆ ಗಿಡ ಬಾಡದಷ್ಟು. ದಿನಾ ಬೆಳಿಗ್ಗೆ ತೂಗಿ, ಕಡಿಮೆಯಾದಷ್ಟೇ ಹಾಕುತ್ತೇನೆ. 1 ಗ್ರಾಂ ಇಳಿದರೆ 1 ಮಿ.ಲೀ. ನೀರು.

ದಿನ 27

ಒಂದು ಒಣ ಕುಂಡ ಬಿಚ್ಚಿದೆ. ಹರಳುಗಳು ಇನ್ನೂ ಹಾಗೇ ಕಂಡವು. ಗೊಬ್ಬರ ಕರಗೇ ಇಲ್ಲ ಅಂತ ಬರೆಯಲು ಹೊರಟಿದ್ದೆ, ಅದು ತಪ್ಪು. ಉಳಿದಿದ್ದು ಹೆಚ್ಚಾಗಿ ಈ ಗೊಬ್ಬರದಲ್ಲೇ ಇರುವ ಜಿಪ್ಸಂ. ಅದು ನಿಧಾನವಾಗಿ ಕರಗುತ್ತದೆ. ರಂಜಕ ಬೇಗ ಕರಗುವ ಭಾಗ. ಸ್ವಲ್ಪ ಪಸೆ ಇದ್ದರೂ ಹರಳು ಸುತ್ತಲಿನ ತೇವ ಎಳೆದುಕೊಂಡು ರಂಜಕವನ್ನು ಹೊರಬಿಡುತ್ತದೆ.

ತೊಡಕು ಇರುವುದು ಆಮೇಲೆ. ಯೂರಿಯಾದಿಂದ ಆಗುವ ನೈಟ್ರೇಟ್ ನೀರಿನ ಜೊತೆ ಹರಿದು ಬೇರಿಗೆ ಬರುತ್ತದೆ. ರಂಜಕ ಹಾಗಲ್ಲ. ಮಣ್ಣಿನ ಕಣಗಳಿಗೆ ಅಂಟಿದ ತೆಳು ನೀರಿನ ಪದರದೊಳಗೆ, ಹೆಚ್ಚು ಇರುವ ಕಡೆಯಿಂದ ಕಡಿಮೆ ಇರುವ ಕಡೆಗೆ, ಮಿಲಿಮೀಟರ್ ಲೆಕ್ಕದಲ್ಲಿ ಸರಿಯುತ್ತದೆ. ಮಣ್ಣು ಒಣಗಿದರೆ ಪದರ ತೆಳುವಾಗುತ್ತದೆ, ಅಲ್ಲಲ್ಲಿ ತುಂಡಾಗುತ್ತದೆ, ದಾರಿ ಸುತ್ತುಬಳಸು. ಜೊತೆಗೆ ಒಣ ಮಣ್ಣು ಗಟ್ಟಿ, ಬೇರೂ ಅತ್ತ ಬೆಳೆಯುವುದಿಲ್ಲ. ಗೊಬ್ಬರ ಪಕ್ಕದಲ್ಲೇ ಇದ್ದೂ ಗಿಡ ಹಸಿದಿತ್ತು. ಬಿಚ್ಚಿ ನೋಡಿದಾಗ ನಿಜಕ್ಕೂ ಸಂಕಟವಾಯಿತು.

ಹಾಗಂತ ಕುಂಡದಲ್ಲಿ ನೀರು ನಿಲ್ಲುವಷ್ಟು ಸುರಿಯುವುದೂ ಬೇಡ. ಮೆಕ್ಕೆಜೋಳದ ಬೇರಿಗೆ ಗಾಳಿ ಬೇಕು, ಉಸಿರುಕಟ್ಟಿದರೆ ಏನನ್ನೂ ಹೀರುವುದಿಲ್ಲ.

ದಿನ 30

ಎಲೆ ನೇರಳೆಯಾದ ತಕ್ಷಣ ಇನ್ನಷ್ಟು ಗೊಬ್ಬರ ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಮೊದಲು ಬೆರಳು ಇಳಿಸಿ ಹದ ನೋಡಬೇಕು ಅಲ್ವಾ? ಮೇಲಿನ ಮಣ್ಣು ಬೇಗ ಒಣಗುತ್ತದೆ, ಮೇಲೆ ಎರಚಿದ ರಂಜಕ ಅಲ್ಲೇ ಉಳಿದುಬಿಡುತ್ತದೆ. ಅದಕ್ಕೆ ಎರಡನೇ ಸುತ್ತಿನಲ್ಲಿ ನೀರು ಎಲ್ಲಕ್ಕೂ ಒಂದೇ, ಗೊಬ್ಬರದ ಜಾಗ ಮಾತ್ರ ಬೇರೆ. ಮೂರು ಕುಂಡಕ್ಕೆ ಮೇಲೆ ಎರಚಿದ್ದೇನೆ. ಮೂರಕ್ಕೆ ಬೀಜದಿಂದ 5 ಸೆಂ.ಮೀ. ಪಕ್ಕಕ್ಕೆ, 5 ಸೆಂ.ಮೀ. ಕೆಳಗೆ ಪಟ್ಟಿಯಾಗಿ ಇಟ್ಟಿದ್ದೇನೆ. ಬೀಜ ಇವತ್ತು ಸಂಜೆ ಊರಿದೆ.